ಸಿಗ್ನಲ್ ಇತ್ತು, ಕೆಲಸ ನಡೆಯಲಿಲ್ಲ

ಶಿರಸಿ ಸೀಮೆಯ ಒಂದು ಒಂಟಿಮನೆ. ಮರ ಬಿದ್ದು ಹರಿದ ಲ್ಯಾಂಡ್‌ಲೈನ್ ತಂತಿಯನ್ನು ಯಾರೂ ಮತ್ತೆ ಎಳೆದಿರಲಿಲ್ಲ, ಮೊಬೈಲ್ ಹಿಡಿದು ಗುಡ್ಡ ಹತ್ತಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಮಗಳು ಮನೆಯಿಂದಲೇ ಕೆಲಸ ಮಾಡಲಿ ಎಂದು ಯಜಮಾನರು ವಿಸ್ಯಾಟ್‌ಗೆ, ಅಂದರೆ ಉಪಗ್ರಹದಿಂದ ಡಿಶ್ ಮೂಲಕ ಬರುವ ಇಂಟರ್ನೆಟ್ಟಿಗೆ, ದುಡ್ಡು ಕಟ್ಟಿದ್ದರು. ಡಿಶ್ ಕೂರಿಸಲು ನಾನು ಹೋಗಿದ್ದೆ.

"ಸುತ್ತ ತೋಟ, ಮರ ಅಡ್ಡ ಬರೋದಿಲ್ವಾ?" ಎಂಬುದು ಅವರ ಚಿಂತೆ. ನಮ್ಮ ಡಿಶ್ ನೋಡಬೇಕಾದ ಉಪಗ್ರಹ ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಶಿರಸಿಯಿಂದ ದಕ್ಷಿಣಕ್ಕೆ ತಿರುಗಿದರೆ 70 ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಅಡಿಕೆ ಒಣಗಿಸುವ ಅಂಗಳದಷ್ಟು ಬಯಲು ಸಾಕು.

ಡಿಶ್ಶನ್ನು ಉಪಗ್ರಹಕ್ಕೆ ಗುರಿಯಿಡುವ ಪಾಯಿಂಟಿಂಗ್ ಆಯಿತು. ನಮ್ಮ ಸಿಗ್ನಲ್ ಬೇರೆಯವರ ಸಿಗ್ನಲ್ಲಿಗೆ ಅಡ್ಡ ಬರುವುದಿಲ್ಲ ಎಂದು ನೋಡುವ ಕ್ರಾಸ್‌ಪೋಲ್ ಪರೀಕ್ಷೆಗೆ ಕಂಪನಿಯ ನಿಯಂತ್ರಣ ಕೇಂದ್ರ (ಎನ್‌ಒಸಿ) ಒಪ್ಪಿತು. ಸ್ಪೀಡ್ ಟೆಸ್ಟ್ ಪ್ಲಾನಿನಷ್ಟೇ ತೋರಿಸಿತು. ಆಸರಿಗೆ ಕುಡಿದು ಸಹಿ ಹಾಕಿಸುವಷ್ಟರಲ್ಲಿ ಒಳಗಿಂದ ಮಗಳು ಕರೆದಳು: "ಸರ್, ವಿಪಿಎನ್ ಹಾಕಿದ ಕೂಡಲೇ ಎಲ್ಲ ನಿಂತುಹೋಯ್ತು."

ಆಫೀಸಿನ ಕಂಪ್ಯೂಟರುಗಳಿಗೆ ಭದ್ರವಾಗಿ ಸೇರಿಸುವ ದಾರಿ ಈ ವಿಪಿಎನ್. ಅವಳ ಮೀಟಿಂಗ್ ಶುರುವಾಗುವುದರಲ್ಲಿತ್ತು. ನಾನು ನೇರ ಅಂಗಳಕ್ಕೆ ಓಡಿದೆ. ಕನೆಕ್ಟರ್ ಬಿಚ್ಚಿ ಮತ್ತೆ ಕೂಡಿಸಿದೆ, ಡಿಶ್ಶಿನ ಬೋಲ್ಟ್ ಕೂದಲೆಳೆಯಷ್ಟು ತಿರುಗಿಸಿದೆ, ಎನ್‌ಒಸಿಗೆ ಪುನಃ ಫೋನ್. "ಲಿಂಕ್ ಅಪ್ ಇದೆ, ಟಿಕೆಟ್ ಕ್ಲೋಸ್ ಮಾಡಿ" ಅಂದರು. ಲಿಂಕ್ ನಿಜಕ್ಕೂ ಸರಿಯಿತ್ತು. ನಾನು ಹುಡುಕುತ್ತಿದ್ದ ಜಾಗವೇ ತಪ್ಪು.

ಉಪಗ್ರಹ 36,000 ಕಿ.ಮೀ. ಮೇಲಿದೆ. ಕೋರಿಕೆ ಹತ್ತಿ ಇಳಿದು, ಉತ್ತರ ಹತ್ತಿ ಇಳಿಯಬೇಕು. ಒಟ್ಟು ಸುಮಾರು 1,44,000 ಕಿ.ಮೀ. ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡು. ಈ ತಡ ಗೊತ್ತಾಗದಂತೆ ನಮ್ಮ ಮೋಡೆಮ್ ಆ ಕಡೆಯ ಸರ್ವರಿನ ಪರವಾಗಿ ಇಲ್ಲಿಂದಲೇ 'ತಲುಪಿತು' ಎಂದು ಉತ್ತರ ಕೊಡುತ್ತ ಹೋಗುತ್ತದೆ. ವಿಪಿಎನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಮುಚ್ಚಿಬಿಟ್ಟರೆ ಮೋಡೆಮಿಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಆ ಉಪಾಯ ನಡೆಯುವುದಿಲ್ಲ. ಪ್ರತಿ ಕಂತಿಗೂ ಮೇಲೆ ಹೋಗಿ ಬರುವವರೆಗೆ ಕಾಯಬೇಕು.

"ಅಷ್ಟು ದೂರ ಇಟ್ಟದ್ದು ಯಾಕೆ ಹಾಗಾದ್ರೆ?" ಎಂದರು ಯಜಮಾನರು. ಆ ಎತ್ತರದಲ್ಲಿ ಇದ್ದರೆ ಮಾತ್ರ ಉಪಗ್ರಹ ಭೂಮಿಯ ಜೊತೆ ಸುತ್ತುತ್ತ ನಮಗೆ ಒಂದೇ ಕಡೆ ಕಾಣುತ್ತದೆ, ಡಿಶ್ ತಿರುಗಿಸಬೇಕಿಲ್ಲ ಎಂದೆ. ಸುಮಾರು 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ಮಾದರಿಯಲ್ಲಿ ಈ ತಡ ಬಹಳ ಕಡಿಮೆ. ಆದರೆ ಅವರು ದುಡ್ಡು ಕಟ್ಟಿದ್ದು ಇದಕ್ಕೆ.

ಮಗಳು ಆಫೀಸಿನ ಐಟಿಯವರ ಹತ್ತಿರ ಮಾತಾಡಿ ಸ್ಪ್ಲಿಟ್ ಟನಲ್ ಮಾಡಿಸಿಕೊಂಡಳು. ಆಫೀಸಿನ ಫೈಲುಗಳು ಮಾತ್ರ ವಿಪಿಎನ್‌ನಲ್ಲಿ, ಮಿಕ್ಕದ್ದು ನೇರ. ಫೈಲು ಈಗಲೂ ನಿಧಾನ, ಮೀಟಿಂಗಿನಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬೀಳುತ್ತದೆ. ಜೋರು ಮಳೆಗೆ ಲಿಂಕ್ ಬೀಳುವುದು ಇದ್ದೇ ಇದೆ. ಪಹಣಿ ತೆಗೆಯುವುದು, ಬ್ಯಾಂಕು, ವಾಟ್ಸಾಪ್ ಸಂದೇಶ ಸಲೀಸು. ಗುಡ್ಡ ಹತ್ತುವುದು ತಪ್ಪಿದ್ದು ಆ ಮನೆಗೆ ಸಣ್ಣ ಸಂಗತಿಯಲ್ಲ.

ನನಗೆ ಸಿಟ್ಟಿರುವುದು ನಮ್ಮ ಸರ್ವೆ ಫಾರಂ ಮೇಲೆ. ಕೇಬಲ್ ಉದ್ದ, ಅರ್ತಿಂಗ್, ಯುಪಿಎಸ್ ಎಲ್ಲಕ್ಕೂ ಕಾಲಂ ಇದೆ. ಮನೆಯವರು ಇಂಟರ್ನೆಟ್ಟಲ್ಲಿ ಏನು ಮಾಡುತ್ತಾರೆ ಎಂಬುದಕ್ಕೆ ಇಲ್ಲ. ಸೇರಿಸಿ ಎಂದು ಬರೆದೆ, ಮೇಲಿನವರಿಗೆ ತಿಂಗಳ ಟಾರ್ಗೆಟ್ಟೇ ಮುಖ್ಯ. ಈಗ ಗಿರಾಕಿಗಳು ದುಡ್ಡು ಕಟ್ಟುವ ಮುಂಚೆ ನಾನೇ ಫೋನ್ ಮಾಡಿ ವಿಪಿಎನ್ ಇದೆಯಾ ಎಂದು ಕೇಳುತ್ತೇನೆ. ಇದೆ ಅಂದರೆ, ಮೊದಲು ಆಫೀಸಿನ ಐಟಿಯವರನ್ನು ವಿಚಾರಿಸಿ ಅನ್ನುತ್ತೇನೆ. ಇದರಿಂದ ಆರ್ಡರ್ ತಪ್ಪಿದ್ದೂ ಇದೆ.