ದಮ್ ದಮ್ ಚಟ್, ಆಮೇಲೆ ಖಾಲಿ

ಕಾಲೇಜ್ ಡೇ ಹತ್ತಿರ ಬಂತೆಂದರೆ ಹಳೆಯ ಸಭಾಂಗಣದ ಮರದ ವೇದಿಕೆಯಿಂದ ಮೊದಲು ಕೇಳಿಬರುತ್ತಿದ್ದದ್ದು ಬ್ರಿಟನ್ನಿನ ರಾಕ್ ತಂಡ ಕ್ವೀನ್ ಹಾಡಿದ 'ವಿ ವಿಲ್ ರಾಕ್ ಯೂ'. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಬರೀ ಕೈಕಾಲು. ಸುಲಭವೆಂದು ಪ್ರತಿ ಬ್ಯಾಚೂ ಕೈ ಹಾಕುತ್ತಿತ್ತು. ಕೆಡುತ್ತಿದ್ದದ್ದೂ ಇದೇ ಮೊದಲು.

ಲೆಕ್ಕ ಇಷ್ಟೇ: ನಾಲ್ಕು ಸಮ ಅಕ್ಷರ, ಅಂದರೆ ತಾಳದ ನಾಲ್ಕು ಎಣಿಕೆ. ಮೊದಲೆರಡಕ್ಕೆ ಕಾಲು, ಮೂರಕ್ಕೆ ಚಪ್ಪಾಳೆ, ನಾಲ್ಕನೆಯದು ಖಾಲಿ. ನಿಮಿಷಕ್ಕೆ ಸುಮಾರು 81 ಬೀಟು, ಬೀಟಿಗೆರಡು ಅಕ್ಷರ, ಒಂದೊಂದಕ್ಕೆ 0.37 ಸೆಕೆಂಡು. ಎಲ್ಲರೂ ಆ ಖಾಲಿಯನ್ನೇ ನುಂಗುತ್ತಾರೆ. ಎರಡನೇ ಚರಣದ ಹೊತ್ತಿಗೆ ಲಯ ನೂರು ದಾಟಿ, ಹಾಡುವವನಿಗೆ ಉಸಿರೆಳೆಯಲೂ ಜಾಗ ಸಿಗುವುದಿಲ್ಲ. ಖಾಲಿ ಅಕ್ಷರಕ್ಕೆ ಅಂಗೈ ಮೇಲಕ್ಕೆ ತಿರುಗಿಸಿ ಬೀಸಿ, ಆದಿತಾಳದ ಹುಸಿಯ ಹಾಗೆ. ಓಟ ನಿಲ್ಲುತ್ತದೆ.

ಇನ್ನೊಂದು ತೊಂದರೆ ದೂರದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಹಿಂದೆ ಕೂತವರಿಗೆ ಪೆಟ್ಟು 0.1 ಸೆಕೆಂಡು ತಡ. ಅವರ ಚಪ್ಪಾಳೆ ವೇದಿಕೆಗೆ ಬರುವಷ್ಟರಲ್ಲಿ 0.2, ಅಂದರೆ ಅರ್ಧ ಅಕ್ಷರಕ್ಕಿಂತ ಜಾಸ್ತಿ. ಅದಕ್ಕೆ ಹೊಂದಿಕೊಳ್ಳಲು ಹೋದರೆ ಲಯ ಜಗ್ಗುತ್ತದೆ. ಕೈಯನ್ನು ತಲೆ ಮೇಲೆತ್ತಿ ತಟ್ಟಿ. ಜನ ಕಿವಿಯಿಂದಲ್ಲ, ಕಣ್ಣಿನಿಂದ ತಾಳ ಹಿಡಿಯಲಿ.

ತಮಾಷೆಯೆಂದರೆ ಹಾಡು ಬರೆದ, ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಸ್ಟುಡಿಯೋದಲ್ಲಿ ಈ ತಡವನ್ನೇ ಬೇಕೆಂದು ಕೂಡಿಸಿದರು. 1977ರಲ್ಲಿ, ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ, ಅಲ್ಲೇ ಬಿದ್ದಿದ್ದ ಹಳೆಯ ಹಲಗೆಗಳನ್ನು ತುಳಿದು ಮತ್ತೆ ಮತ್ತೆ ಧ್ವನಿಮುದ್ರಿಸಿ, ಒಂದೊಂದು ಪದರಕ್ಕೆ ಒಂದೊಂದು ತಡ ಕೊಟ್ಟರು. ತಡಗಳ ಅನುಪಾತ ಅವಿಭಾಜ್ಯ ಸಂಖ್ಯೆಗಳದ್ದು. ಒಂದು ಇನ್ನೊಂದರ ಮೇಲೆ ಬೀಳದ್ದರಿಂದ ಪ್ರತಿಧ್ವನಿ ಕೇಳುವುದಿಲ್ಲ, ಗುಂಪು ಕೇಳುತ್ತದೆ. ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ತಲೆ!

ಈ ಹಾಡಿನಲ್ಲಿ ಗಿಟಾರ್ ಕೊನೆಗೆ ಮಾತ್ರ. ಮೇ ಅವರದು ತಂದೆಯ ಜೊತೆ ಮನೆಯಲ್ಲೇ ಮಾಡಿದ್ದು; ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಮೀಟಲು ಆರು ಪೆನ್ಸ್ ನಾಣ್ಯ. ನಾಣ್ಯದ ಹಲ್ಲುಹಲ್ಲಾದ ಅಂಚು ತಂತಿಗೆ ಉಜ್ಜಿದಾಗಿನ ಕರಕರ ಪ್ಲಾಸ್ಟಿಕ್ ಪಿಕ್ಕಿನಿಂದ ಬಾರದು. ಹಾಗೆಂದು ಸ್ಟೀಲಿನ ಎಂಟಾಣೆ ಹಿಡಿಯಬೇಡಿ. ಆರು ಪೆನ್ಸ್ ತಂತಿಗಿಂತ ಮೆದು, ತಾನೇ ಸವೆಯುತ್ತದೆ. ಸ್ಟೀಲು ತಂತಿಯನ್ನೇ ತಿನ್ನುತ್ತದೆ.

'ಬೊಹೀಮಿಯನ್ ರಾಪ್ಸಡಿ'ಯ ಆಸೆಯೂ ಪ್ರತಿ ವರ್ಷದ್ದೇ. 1975ರ ಹಾಡು, 5 ನಿಮಿಷ 55 ಸೆಕೆಂಡು. ನಡುವಿನ ಒಪೆರಾ ಭಾಗ ಮೂವರ ದನಿಯನ್ನು 24 ಟ್ರ್ಯಾಕಿನ ಟೇಪಿನಲ್ಲಿ ಪದರಪದರವಾಗಿ ಪೇರಿಸಿದ್ದು. ಕ್ವೀನ್ ತಂಡವೇ ಕಾರ್ಯಕ್ರಮಗಳಲ್ಲಿ ಅಲ್ಲಿಗೆ ಟೇಪು ಹಾಕಿ ಒಳಗೆ ಹೋಗುತ್ತಿತ್ತು. ಮೊದಲಿನ ಪಿಯಾನೋ ಭಾಗ ಮಾತ್ರ ಕೈಗೆಟಕುವಂಥದ್ದು. ಹಾಡು ಬರೆದ, ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಂಚಗನಿಯ ಶಾಲೆಯಲ್ಲಿದ್ದಾಗ 'ಹೆಕ್ಟಿಕ್ಸ್' ಎಂಬ ಹುಡುಗರ ತಂಡದಲ್ಲಿ ಪಿಯಾನೋಗೇ ಕೂರುತ್ತಿದ್ದರು. ಅಷ್ಟು ಭಾಗ ಹಾಡಿ, ಗಿಟಾರ್ ಸೋಲೋ ಮುಗಿದ ಕಡೆ ನಿಲ್ಲಿಸಿಬಿಡಿ.