ಮಿಡಿಸೌತೆಯ ಬಾಟಲಿ

ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಬಂದರಿನಲ್ಲಿ ಕಂಟೇನರ್ ಸಾಗಿಸುವ ಗಾಡಿ ಓಡಿಸುತ್ತಿದ್ದವರು. ಟಿವಿಯಲ್ಲಿ ಸುದ್ದಿ ಶುರುವಾದರೆ ಅವರ ಬಾಯಲ್ಲಿ ಒಂದೇ ಬೈಗುಳ: 'ಗ್ಲೋಬಲಿಸ್ಟರು!' ಬ್ರಸೆಲ್ಸಿನ ಐರೋಪ್ಯ ಒಕ್ಕೂಟದವರು, ವಿಶ್ವಸಂಸ್ಥೆಯವರು, ಹೇಗ್‌ನ ನ್ಯಾಯಾಧೀಶರು ಎಲ್ಲರಿಗೂ ಅದೇ ಹೆಸರು. ಮೊನ್ನೆ ಹಾಗೆ ಬೈಯುತ್ತಲೇ ಬ್ರೆಡ್ಡಿನ ಜೊತೆ ಕಟುಂ ಅಂತ ಕಡಿದದ್ದು ವಿನೆಗರಿನಲ್ಲಿ ಹಾಕಿದ ಮಿಡಿಸೌತೆ. ಬಾಟಲಿ ತಿರುಗಿಸಿ ನೋಡಿದೆ: ಬೆಳೆದ ದೇಶ ಭಾರತ.

ಗರ್ಕಿನ್ ಅನ್ನುವ ಈ ಮಿಡಿಸೌತೆಯ ವಿಷಯದಲ್ಲಿ ಭಾರತ ಅಂದರೆ ಬಹುಪಾಲು ಕರ್ನಾಟಕವೇ. ಕಂಪನಿಯವರೇ ಬೀಜ ಕೊಟ್ಟು, ದರ ಮೊದಲೇ ಗೊತ್ತುಮಾಡಿ, ಗಾತ್ರ ಅಳೆದು ಕಾಯಿ ಒಯ್ಯುತ್ತಾರೆ. ಸಣ್ಣದಕ್ಕೇ ಹೆಚ್ಚು ಬೆಲೆ. ಒಂದು ದಿನ ಕೀಳುವುದು ತಪ್ಪಿದರೆ ಕಾಯಿ ದಪ್ಪಗಾಗುತ್ತದೆ, ದರ ಇಳಿಯುತ್ತದೆ. ಬೆಳೆದವರ ಮನೆಯ ಸಾರಿಗಂತೂ ಅದು ಬೀಳುವುದಿಲ್ಲ.

ಇದು ಜಾಗತೀಕರಣ. ಅಜ್ಜ ಬೈಯುವುದು ಜಾಗತಿಕವಾದವನ್ನು. ನಮ್ಮ ಭಾಷೆಯಲ್ಲಿ ಒಂದರ ಬಾಲಕ್ಕೆ 'ಕರಣ', ಇನ್ನೊಂದಕ್ಕೆ 'ವಾದ' ಇರುವುದು ಒಳ್ಳೆಯದೇ ಆಯಿತು. ಮೊದಲನೆಯದು ನಡೆಯುತ್ತಿರುವ ಕೆಲಸ. ನೀವು ನಂಬಿದರೂ ಬಿಟ್ಟರೂ ಹಡಗು ಬರುತ್ತದೆ. ಎರಡನೆಯದು, ಗಡಿ ಮೀರಿದ ಸಂಗತಿಗಳನ್ನು ದೇಶಗಳು ಕೂಡಿಯೇ ತೀರ್ಮಾನಿಸಬೇಕು ಅನ್ನುವ ನಂಬಿಕೆ. ಅದರ ಮೇಲೆ ವಾದ ಮಾಡಬಹುದು, ಮಾಡಲೂಬೇಕು.

ಆ ನಂಬಿಕೆಯ ಒಂದು ತುಂಡು ನನ್ನ ಬೀರುವಿನಲ್ಲೂ ಇದೆ. ಜನನ ಪ್ರಮಾಣಪತ್ರದ ಬೆನ್ನಿಗೆ ಅಂಟಿಸಿದ ಅಪೊಸ್ಟಿಲ್ ಸ್ಟಿಕ್ಕರ್, ದಾಖಲೆಯ ರುಜು ಅಸಲಿ ಅಂತ ಬೇರೆ ದೇಶಕ್ಕೆ ಕೊಡುವ ಖಾತ್ರಿ. 1961ರ ಹೇಗ್ ಒಪ್ಪಂದದ್ದು, ಭಾರತಕ್ಕೆ 2005ರಿಂದ ಜಾರಿ. ಹಾಸನದ ಅಧಿಕಾರಿಯ ರುಜುವನ್ನು ಡಚ್ ಗುಮಾಸ್ತೆ ಮರುಮಾತಿಲ್ಲದೆ ಒಪ್ಪಿಕೊಂಡದ್ದು ಆ ಅಂಗೈಯಗಲದ ಕಾಗದದಿಂದ.

ಹೇಗ್‌ಗೆ ಇಲ್ಲಿಂದ ಮೆಟ್ರೋ ಇದೆ. ('ಹೇಗ್‌ಗೆ ಹೋಗಿದ್ದೆ' ಅಂದರೆ ಅಮ್ಮ ಫೋನಿನಲ್ಲಿ 'ಹೇಗೋ ಹೋಗಿ ಬಂದ್ಯಲ್ಲ, ಬಿಡು' ಅನ್ನುತ್ತಾರೆ.) ದೇಶದೇಶಗಳ ವ್ಯಾಜ್ಯ ತೀರಿಸುವ ಅಲ್ಲಿನ ಶಾಂತಿ ಅರಮನೆ ಕಟ್ಟಿದ್ದು ಉಕ್ಕಿನ ದೊರೆ ಕಾರ್ನೆಗಿಯ 15 ಲಕ್ಷ ಡಾಲರಿನಿಂದ, ವಾದಕ್ಕೂ ದುಡ್ಡು ವ್ಯಾಪಾರದ್ದೇ. ದೇಶಗಳು ಮದುವೆಮನೆಗೆ ಮುಯ್ಯಿ ಕೊಟ್ಟ ಹಾಗೆ ಒಂದೊಂದು ವಸ್ತು ಕೊಟ್ಟವು. ಹೊರಗಿನ ಗೇಟು ಜರ್ಮನಿಯದು, ಬಾಗಿಲು ಬೆಲ್ಜಿಯಮ್ಮಿನದು. ಉದ್ಘಾಟನೆ 1913ರ ಆಗಸ್ಟಿನಲ್ಲಿ. ಮರುವರ್ಷದ ಆಗಸ್ಟಿನಲ್ಲಿ ಗೇಟು ಕೊಟ್ಟವರ ಸೈನ್ಯ ಬಾಗಿಲು ಕೊಟ್ಟವರ ಮೇಲೆ ನುಗ್ಗಿತ್ತು. ಆದರೂ ಕಟ್ಟಡ ಪಾಳುಬೀಳಲಿಲ್ಲ. 1952ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ಕೂತವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರು.

ಇನ್ನು ಅಜ್ಜನ ಕಥೆ. 1966ರಲ್ಲಿ ರಾಟರ್‌ಡ್ಯಾಮಿಗೆ ಮೊದಲ ಕಂಟೇನರ್ ಹಡಗು ಬಂತು, ಮೂಟೆ ಹೊರುತ್ತಿದ್ದ ಅವರ ಅಪ್ಪನ ಗುಂಪು ಚೆದುರಿತು. 1993ರಲ್ಲಿ ಚಾಲಕನೇ ಇಲ್ಲದ ಗಾಡಿಗಳು ಬಂದವು, ಅವರ ಸ್ಟೇರಿಂಗೂ ಹೋಯಿತು. "ನಿಮ್ಮ ಮನೆಯ ಕೆಲಸ ತಿಂದದ್ದು ಪೆಟ್ಟಿಗೆ ಅಲ್ಲವಾ? ಹೇಗ್‌ನವರು ಏನು ಮಾಡಿದರು?" ಅಂದೆ.

ಸ್ವಲ್ಪ ಹೊತ್ತು ಅಗಿದರು. "ಪೆಟ್ಟಿಗೆಗೆ ಬೈದರೆ ಅದಕ್ಕೆ ಕೇಳಿಸುತ್ತಾ?" ಅಂದು ಬಾಟಲಿಯನ್ನು ನನ್ನ ಕಡೆ ಸರಿಸಿದರು.