ಪದವಿನ ಗೇರು ಗಿಡಕ್ಕೆ ಮೊದಲ ಬೇಸಿಗೆ

ಉಡುಪಿ ಕಡೆಯ ಪದವಿನಲ್ಲಿ, ಅಂದರೆ ಕಲ್ಲು ನೆಲದ ಎತ್ತರದ ಬಯಲಿನಲ್ಲಿ, ಗೇರು ನೆಡುವವರು ಮಳೆಗಾಲದ ಚಿಗುರು ನೋಡಿ ಸುಮ್ನೆ ಕೂರಬೇಡಿ. ಕಷ್ಟ ಶುರುವಾಗುವುದು ಡಿಸೆಂಬರ್ ನಂತರ: ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕಾದು, ಮೇಲಿನ ತೆಳು ಮಣ್ಣು ಒಣಗಿ, ಬೇರು ಆಳಕ್ಕೆ ಇಳಿಯದ ಗಿಡ ತುದಿಯಿಂದಲೇ ಒಣಗುತ್ತಾ ಬರುತ್ತದೆ. ಅದಕ್ಕೇ ಗುಂಡಿ 2 ಅಡಿ ಆಳ, ಅಷ್ಟೇ ಅಗಲ ಇರಲಿ. ಜೂನ್‌ನಲ್ಲೇ ನೆಟ್ಟರೆ ಬೇರು ಬಿಡಲು ಜಾಸ್ತಿ ಸಮಯ ಸಿಗುತ್ತದೆ. ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗ, ಮಣ್ಣಿನ ಮೇಲಿರಬೇಕು. ಅದರ ಕೆಳಗೆ ಬರುವ ಚಿಗುರನ್ನು ಕೂಡಲೇ ಚಿವುಟಿ, ಇಲ್ಲದಿದ್ದರೆ ಅದೇ ಬೆಳೆದು ಮೇಲಿನ ಕಸಿ ಸೊರಗುತ್ತದೆ.

ನನಗಂತೂ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ತರಗೆಲೆ. ಮಳೆ ನಿಂತ ಮೇಲೆ ಬುಡಕ್ಕೆ ದಪ್ಪಗೆ ಹೊದಿಸಿ. ಮಾರ್ಚ್‌ನಲ್ಲಿ ಅದನ್ನು ಸರಿಸಿ ಕೈ ಇಟ್ಟು ನೋಡಿ, ಪಕ್ಕದ ನೆಲ ಸುಡುತ್ತಿದ್ದರೂ ಅಲ್ಲಿ ತಂಪಿರುತ್ತದೆ. ನಮ್ಮೂರಲ್ಲಿ ಎಲೆಗೇನೂ ಬರ ಇಲ್ಲ ಅಲ್ವಾ? ದಯವಿಟ್ಟು ಸುಡಬೇಡಿ, ಗಿಡಕ್ಕೆ ಹಾಕಿ.